ಸಹಾಯ ಬೇಕು: ಬುಕಿಟ್ ಬ್ರೌನ್ ಗೋರಿಗಳ ಬರಹ ಓದಬಲ್ಲವರು ಇದ್ದೀರಾ?

ಸಿಂಗಪುರದ ಕನ್ನಡಿಗರಿಗೆ ನಮಸ್ಕಾರ. ಇಲ್ಲಿನ ಬುಕಿಟ್ ಬ್ರೌನ್ ಚೀನೀ ಸ್ಮಶಾನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಚೀನಾದಿಂದ ವಲಸೆ ಬಂದ ಓಂಗ್ ಮನೆತನದವರು 19ನೇ ಶತಮಾನದಲ್ಲಿ ತಮ್ಮವರಿಗಾಗಿ ಕೊಂಡ ಜಾಗ ಇದು. 1922ರಲ್ಲಿ ನಗರಸಭೆ ಇದನ್ನು ಎಲ್ಲ ಚೀನೀಯರಿಗೂ ತೆರೆಯಿತು. 1973ರಲ್ಲಿ ಮುಚ್ಚಿತು. ಆಮೇಲೆ ಹೆದ್ದಾರಿಗಾಗಿ ಸಾವಿರಾರು ಗೋರಿ ಅಗೆದು ತೆಗೆದರು.

ನನಗೆ ಜಾಸ್ತಿ ಕುತೂಹಲ ಇರುವುದು ಕೆಲವು ಗೋರಿಗಳ ಮುಂದೆ ನಿಂತಿರುವ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳ ಬಗ್ಗೆ. ಪೇಟ, ಗಡ್ಡ, ಕೈಯಲ್ಲಿ ಬಂದೂಕು! ಆಗ ಶ್ರೀಮಂತರ ಬಾಗಿಲು ಕಾಯುತ್ತಿದ್ದವರು ಸಿಖ್ಖರು. ಸತ್ತ ಮೇಲೂ ಅವರೇ ಇರಲಿ ಅಂದುಕೊಂಡರೋ ಏನೋ.

ಚೀನೀ ಲಿಪಿ ಬಲ್ಲ ಸ್ನೇಹಿತರು, ಸಹೋದ್ಯೋಗಿಗಳು ನಿಮಗೆ ಇದ್ದರೆ ಪರಿಚಯ ಮಾಡಿಸಿ. ಎಷ್ಟೋ ಗೋರಿಗಳಲ್ಲಿ ಇಸವಿ ಚೀನಾ ಗಣರಾಜ್ಯದ ಲೆಕ್ಕದಲ್ಲಿದೆ, ಅಂದರೆ 1912 ಮೊದಲ ವರ್ಷ. 12 ಅಂದರೆ 1923. ಅದಕ್ಕಿಂತ ಹಳೆಯವು ರಾಜರ ಆಳ್ವಿಕೆಯ ವರ್ಷದಲ್ಲಿವೆ, ಅದೇ ಕಷ್ಟ. ಸುಮ್ನೆ ಊಹಿಸಿ ಬರೆಯಲು ಇಷ್ಟವಿಲ್ಲ. ಏಪ್ರಿಲ್‌ನಲ್ಲಿ ಚೀನೀಯರು ಹಿರಿಯರ ಗೋರಿಗಳಿಗೆ ಹೋಗಿ ನಮಿಸುವ ಚಿಂಗ್ ಮಿಂಗ್ ಹಬ್ಬದಲ್ಲಿ ಅಲ್ಲಿಗೆ ಹೋದವರು ಫೋಟೋ ಇದ್ದರೂ ಕಳಿಸಿ. ಜೊತೆಗೆ ಬರುವವರಿದ್ದರೆ ಕಾಮೆಂಟ್ ಮಾಡಿ. ಸೊಳ್ಳೆ ವಿಪರೀತ, ಉದ್ದ ಪ್ಯಾಂಟ್ ಹಾಕಿಕೊಂಡು ಬನ್ನಿ.