ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಹೊತ್ತು ಮುಂಬೈಯಿಂದ ವಿಮಾನ: ಅನುಭವ ಇದ್ದವರು ಹೇಳಿ

ಡೊಂಬಿವ್ಲಿ ಅಕ್ಕ: ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದೇನೆ. ಆಫೀಸ್ ಲ್ಯಾಪ್‌ಟಾಪ್, ಮಗಳ ಟ್ಯಾಬ್, ಎರಡು ಪವರ್ ಬ್ಯಾಂಕ್. ಸೆಕ್ಯೂರಿಟಿಯಲ್ಲಿ ಯಾರಿಗೆ ಏನು ತೊಂದರೆ ಆಗಿದೆ, ಹೇಳ್ತೀರಾ?

ಅಂಧೇರಿ ಕ್ಯಾಮೆರಾ: ನಾನು ಮದುವೆ ವಿಡಿಯೊ ಮಾಡುವವನು. ಬ್ಯಾಟರಿ 100 ವ್ಯಾಟ್-ಅವರ್ (ಅದರಲ್ಲಿ ಹಿಡಿಯುವ ಶಕ್ತಿಯ ಅಳತೆ) ತನಕ ಪರವಾಗಿಲ್ಲ, 160ರ ತನಕ ಏರ್‌ಲೈನ್ ಒಪ್ಪಿಗೆ ಬೇಕು, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಲೈಟಿಗೆ 99ರ ಬ್ಯಾಟರಿಯನ್ನೇ ಹುಡುಕಿ ತಂದಿದ್ದೆ, ಒಂದಕ್ಕೆ 14,000. ಕೈ ಬೆವರು ತಾಗಿ ತಾಗಿ ಒಂದರ ಮೇಲಿನ ಅಕ್ಷರ ಅಳಿಸಿತ್ತು, ಒಂದು ಒಂಬತ್ತು ಮಾತ್ರ ಕಾಣ್ತಿತ್ತು. ಬಿಲ್ ತೋರಿಸಿದೆ, ಕೇಳಲಿಲ್ಲ. ಅಲ್ಲೇ ಬಿಟ್ಟು ಹೋಗಬೇಕಾಯ್ತು. ಹೋದ ಊರಲ್ಲಿ ಬಾಡಿಗೆ ಬ್ಯಾಟರಿಗೆ ಬೇರೆ ದುಡ್ಡು ಸುರಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಕೋಥ್ರೂಡ್ ಕನ್ನಡಿಗ: ಅಕ್ಷರವೇ ಇಲ್ಲದಿದ್ದರೆ ಅವರು ಬಿಡೋದು ಹೇಗೆ ಸರ್? ನನ್ನದು 20,000 ಎಂಎಎಚ್ ಪವರ್ ಬ್ಯಾಂಕ್. ಒಳಗಿನ ಸೆಲ್ 3.7 ವೋಲ್ಟ್, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್. ಅಲ್ಲಿದ್ದವರು ಔಟ್‌ಪುಟ್‌ನ 12 ವೋಲ್ಟ್ ಹಿಡಿದು 240 ಅಂದರು. ನಾನು ಜಗ್ಗಲಿಲ್ಲ. ಮೇಲಿನವರನ್ನು ಕರೆಸಿದೆ, ಪೋರ್ಟ್ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ 74 ಅಂತ ಇದ್ದದ್ದನ್ನು ಓದಿಸಿದೆ, ಬಿಡಿಸಿಕೊಂಡು ಬಂದೆ. ಗೊತ್ತಿದ್ದವರು ವಾದ ಮಾಡಲೇಬೇಕು.

ಅಂಧೇರಿ ಕ್ಯಾಮೆರಾ: ನಿಮ್ಮ ಹಿಂದೆ ನಿಂತವರ ಗತಿ ಏನು? ಹೀಗೆ ವಾದಕ್ಕೆ ನಿಲ್ಲುವವರಿಂದಲೇ ಲೈನ್ ಸಾಗಲ್ಲ.

ಕೋಥ್ರೂಡ್ ಕನ್ನಡಿಗ: 14,000ದ ಮಾಲು ಬಿಟ್ಟು ಬಂದವರು ನನಗೆ ಬುದ್ಧಿ ಹೇಳಬೇಡಿ.

ಮಡಗಾಂವ್ ಮನೆ: ಜಗಳ ಬಿಡಿ ಮಾರಾಯ್ರೆ. ನನ್ನ ಟ್ರಾಲಿ ಬ್ಯಾಗಿನಲ್ಲೇ ಬ್ಯಾಟರಿ ಇತ್ತು, ಸ್ಕ್ರೂ ಹಾಕಿ ಕೂರಿಸಿದ್ದು. ಬ್ಯಾಟರಿ ತೆಗೆಯದೆ ಲಗೇಜಿಗೆ ಹಾಕಲ್ಲ ಅಂದರು. ಅಲ್ಲೇ ಬೇರೆ ಬ್ಯಾಗ್ ಕೊಂಡು, 11,500ರ ಟ್ರಾಲಿಯನ್ನು ಟ್ಯಾಕ್ಸಿಯಲ್ಲಿ ಮನೆಗೆ ಕಳಿಸಿದೆ. ಮಾರಿದ ಅಂಗಡಿಯವನು ವಾಪಸ್ ತೆಗೆದುಕೊಳ್ಳಲೇ ಇಲ್ಲ, ಮೋಸ ಅಲ್ವಾ ಇದು? ಆದರೆ ಇಂಥ ಬ್ಯಾಟರಿ ಕೆಳಗಿನ ಲಗೇಜಿಗೆ ಬೇಡ, ಕೈಯಲ್ಲೇ ಇರಲಿ ಅನ್ನೋ ನಿಯಮ ಸರಿ ಇದೆ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸೀಟಿನ ಹತ್ತಿರ ನೀರು ಹಾಕೋಕೆ ಜನ ಇರ್ತಾರೆ, ಕೆಳಗೆ ಸಾಮಾನಿನ ಮಧ್ಯೆ ಯಾರಿದ್ದಾರೆ? ವಿಮಾನದ ಬಾಗಿಲಲ್ಲಿ ಜಾಗ ಇಲ್ಲ ಅಂತ ಕ್ಯಾಬಿನ್ ಬ್ಯಾಗ್ ಇಸ್ಕೊಂಡರೂ ಪವರ್ ಬ್ಯಾಂಕ್ ಕೈಯಲ್ಲಿ ತೆಗೆದಿಟ್ಟುಕೊಳ್ಳಿ.

ಚೆಂಬೂರ್ ಅಜ್ಜ: ಇಷ್ಟೆಲ್ಲ ರಗಳೆ ಯಾಕಮ್ಮ? ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಯಾರೂ ಬ್ಯಾಟರಿ ಲೆಕ್ಕ ಕೇಳಲ್ಲ.

ಕೋಥ್ರೂಡ್ ಕನ್ನಡಿಗ: ಇಡೀ ದಿನ ರೈಲಲ್ಲಿ ಕೂರೋಕೆ ಆಫೀಸಿನವರು ರಜೆ ಕೊಡ್ತಾರಾ ಅಜ್ಜ? ನಿಮಗೆ ಪೆನ್ಷನ್ ಬರುತ್ತೆ, ನಮಗಿಲ್ಲ.

ಅಂಧೇರಿ ಕ್ಯಾಮೆರಾ: ಹಿರಿಯರ ಹತ್ತಿರ ಹೀಗಾ ಮಾತಾಡೋದು? ಅಜ್ಜ ಹೇಳಿದ್ದು ಸರಿ. ನನ್ನ ದೊಡ್ಡ ಸಾಮಾನೆಲ್ಲ ಈಗ ಉದ್ಯಾನ್‌ನಲ್ಲೇ ಹೋಗೋದು, ಹುಡುಗ ಜೊತೆಗೆ ಕೂತು ತರ್ತಾನೆ.