ಪದಚರ್ಚೆ: ‘ವಾಯುಜನ್ಯ ವೈರಸ್’ – ಗಾಳಿಯಲ್ಲಿ ಹುಟ್ಟಿದ್ದೋ, ಗಾಳಿ ಹೊತ್ತದ್ದೋ?

ಎಲ್ಲರಿಗೂ ನಮಸ್ಕಾರ.

ಕೋಣೆಯ ಗಾಳಿಯಲ್ಲಿ ವೈರಸ್ ಇದೆಯೇ ಎಂದು ನೋಡುವ ಯಂತ್ರಗಳ ಬಗ್ಗೆ ಒಂದು ಪುಟ್ಟ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ‘ಒಳಾಂಗಣ ವಾಯುಜನ್ಯ ವೈರಾಣು ಮೇಲ್ವಿಚಾರಣೆ’ ಎಂದಿದೆ. ನಾಲ್ಕು ಪದ, ಮೂರರಲ್ಲಿ ನನಗೆ ತಕರಾರು.

ಮೊದಲು ‘ವಾಯುಜನ್ಯ’. ಜನ್ಯ ಅಂದರೆ ಹುಟ್ಟಿದ್ದು. ವೈರಸ್ ಗಾಳಿಯಲ್ಲಿ ಹುಟ್ಟುವುದಿಲ್ಲ, ಜೀವಕೋಶದ ಒಳಗೆ ಹೊಕ್ಕರೆ ಮಾತ್ರ ಹೆಚ್ಚುತ್ತದೆ. ಇಂಗ್ಲಿಷಿನ ‘ಏರ್‌ಬೋರ್ನ್’ನಲ್ಲಿರುವ ಬೋರ್ನ್ ‘ಹುಟ್ಟಿದ’ ಅಲ್ಲ, ‘ಹೊತ್ತ’. ಅದರ ಕೊನೆಗೆ ಒಂದು ‘ಇ’ ಇದೆ, ಕಿವಿಗೆ ಕೇಳಿಸುವುದಿಲ್ಲ, ಅಷ್ಟೇ. ‘ಜಲಜನ್ಯ’ವೂ ಹೀಗೇ ಬಂದಿರಬೇಕು ಅನ್ನಿಸುತ್ತದೆ. ಅದು ಬೇರೂರಿಬಿಟ್ಟಿದೆ, ಈಗ ಕೀಳಲು ಹೋಗುವುದಿಲ್ಲ.

ಸುಮ್ನೆ ‘ಗಾಳಿಯಿಂದ ಹರಡುವ’ ಅಂದರೆ ಸಾಕಲ್ವಾ? ನಾನೂ ಹಾಗೇ ಬರೆದು ಅತ್ತಿಗೆಗೆ ಓದಲು ಕೊಟ್ಟೆ. ಓದಿದವರೇ, ‘ಹಾಗಾದ್ರೆ ಕಿಟಕಿ ಮುಚ್ಕೊಂಡಿರಬೇಕು’ ಅಂದರು. ಬರಹ ಹೇಳುವುದು ಇದರ ತಿರುವುಮುರುವು! ತಪ್ಪು ಅವರದಲ್ಲ. ನಮ್ಮಲ್ಲಿ ಬೀಸುವುದೂ ಗಾಳಿ, ಉಸಿರಾಡುವುದೂ ಗಾಳಿ. ‘ಇಂದ’ ಸೇರಿದ ಕೂಡಲೇ ಅದು ಬೀಸುಗಾಳಿಯಾಗುತ್ತದೆ, ‘ಗಾಳಿಯಿಂದ ಬೆಂಕಿ ಹರಡಿತು’ ಅನ್ನುವ ಹಾಗೆ. ಇಲ್ಲಿ ತೊಂದರೆ ಕೊಡುವುದು ಗಾಳಿ ಆಡದ ಕೋಣೆ. ಒಬ್ಬರು ಬಿಟ್ಟ ಉಸಿರು ಅಲ್ಲೇ ನಿಂತು, ಇನ್ನೊಬ್ಬರ ಮೂಗಿಗೆ ಹೋಗುತ್ತದೆ. ಅದಕ್ಕೇ ‘ಗಾಳಿಯಲ್ಲಿ ತೇಲುವ’ ಎಂದು ತಿದ್ದಿದ್ದೇನೆ.

‘ಗಾಳಿ ಸೋಂಕು’ ಎಂದು ಗೆಳೆಯರೊಬ್ಬರು ಸೂಚಿಸಿದರು. ಚಿಕ್ಕದು, ಚೊಕ್ಕದು. ಆದರೆ ‘ಗಾಳಿ ಸೋಕಿದೆ’ ಅಂದರೆ ದೆವ್ವ ಮೆಟ್ಟಿದೆ ಅಂತಲ್ಲವೇ! ಇನ್ನೊಂದು ತಮಾಷೆ: ಸೋಂಕು ಅಂದರೆ ಮೂಲದಲ್ಲಿ ಮುಟ್ಟುವುದು. ಇಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ.

‘ಒಳಾಂಗಣ’ದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಣ ಅಂದರೆ ಅಂಗಳ, ಬಯಲು. ‘ಕೋಣೆಯೊಳಗಿನ’ ಸಾಕು.

‘ಮೇಲ್ವಿಚಾರಣೆ’ ಅಂದರೆ ವೈರಸ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆಯೇ ಎಂದು ನೋಡಿದ ಹಾಗಿದೆ. ‘ಕಣ್ಗಾವಲು’ ರೋಗಗಳ ವಿಷಯದಲ್ಲಿ ಬಳಕೆಯಲ್ಲಿದೆ, ಆದರೆ ಕೋಣೆಯೊಳಗೆ ಕಣ್ಗಾವಲು ಅಂದರೆ ಕ್ಯಾಮೆರಾ ನೆನಪಾಗುತ್ತದೆ. ‘ತೀವ್ರ ನಿಗಾ ಘಟಕ’ದ ‘ನಿಗಾ’ ನನಗೆ ಇಷ್ಟ. ಪಾರ್ಸಿಯಿಂದ ಬಂದದ್ದಾದರೂ ನಮ್ಮದೇ ಆಗಿದೆ.

ತೊಡಕು ಏನೆಂದರೆ, ಎಲ್ಲ ಯಂತ್ರವೂ ನಿಗಾ ಇಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮೀಟರ್ ವೈರಸ್ಸನ್ನು ನೋಡುವುದೇ ಇಲ್ಲ. ಹೊರಗಿನ ಗಾಳಿಯಲ್ಲಿ ಆ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಭಾಗ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಅಂಕಿ ಏರಿದಷ್ಟೂ ಪರರ ಉಸಿರು ಕೋಣೆಯಲ್ಲಿ ತುಂಬಿದೆ ಎಂದರ್ಥ. ಅದು ಬರೀ ಸುಳಿವು. ಗಾಳಿ ಎಳೆದು ಸೋಸುಹಾಳೆಯಲ್ಲಿ ಹಿಡಿದು, ಆಮೇಲೆ ಲ್ಯಾಬಿನಲ್ಲಿ ಪಿಸಿಆರ್ (ವೈರಸ್ಸಿನ ವಂಶವಾಹಿ ಹುಡುಕುವ ಪರೀಕ್ಷೆ) ಮಾಡುವುದು ‘ಪತ್ತೆ’. ಅದೂ ವೈರಸ್ಸಿನ ಗುರುತು ಸಿಕ್ಕಿತು ಅನ್ನುತ್ತದೆ, ಅದಕ್ಕಿನ್ನೂ ರೋಗ ತರುವ ಕಸುವಿದೆಯೇ ಎಂದು ಹೇಳುವುದಿಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2023ರಲ್ಲಿ ತೋರಿಸಿದ ಪೆಟ್ಟಿಗೆ ಬೇರೆ ಥರ. ನಿಮಿಷಕ್ಕೆ ಸುಮಾರು 1,000 ಲೀಟರ್ ಗಾಳಿ ಎಳೆದು ಸುಳಿಯಂತೆ ತಿರುಗಿಸುತ್ತದೆ. ಕಣಗಳು ಒಳಗೋಡೆಯ ತೆಳು ದ್ರವದಲ್ಲಿ ಸಿಕ್ಕಿಬೀಳುತ್ತವೆ. ಸುಮಾರು 5 ನಿಮಿಷಕ್ಕೆ ಕೋವಿಡ್ ವೈರಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದಕ್ಕೆ ಮಾತ್ರ ‘ನಿಗಾ’ ಅನ್ನೋಣ ಎಂಬುದು ನನ್ನ ಪಟ್ಟು. ಮೂರಕ್ಕೂ ಒಂದೇ ಪದ ಹಾಕಿದರೆ ಓದುವವರು ಮೋಸ ಹೋಗುತ್ತಾರೆ.

ಈಗ ನನ್ನ ನಿಜವಾದ ಪ್ರಶ್ನೆ. ತೇಲುವ ಆ ಕಣಕ್ಕೆ ಏನನ್ನೋಣ? ‘ತುಂತುರು’ ಬೀಳುತ್ತದೆ, ಇದು ಬೀಳುವುದಿಲ್ಲ. ಅಲುಗಾಡದ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹನಿ ಸುಮಾರು 5 ಸೆಕೆಂಡಿಗೆ ನೆಲ ಮುಟ್ಟುತ್ತದೆ, 5 ಮೈಕ್ರಾನಿನದು ಅರ್ಧ ಗಂಟೆ ಇರುತ್ತದೆ, 1 ಮೈಕ್ರಾನಿನದು 12 ಗಂಟೆ. ಇಂಗ್ಲಿಷಿನಲ್ಲಿ ಇಂಥ ತೇಲುವ ಕಣಕ್ಕಿರುವ ‘ಏರೋಸಾಲ್’ ಅಂದರೆ ಜನಕ್ಕೆ ಸ್ಪ್ರೇ ಡಬ್ಬಿ ನೆನಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನಲ್ಲಿ ಕೋವಿಡ್ ‘ಏರ್‌ಬೋರ್ನ್ ಅಲ್ಲ’ ಎಂದಿತ್ತು. 2024ರ ಏಪ್ರಿಲಿನಲ್ಲಿ ಅದೇ ಸಂಸ್ಥೆ ದೊಡ್ಡದು ಹನಿ, ಚಿಕ್ಕದು ಏರೋಸಾಲ್ ಎಂದು 5 ಮೈಕ್ರಾನಿಗೆ ಗೆರೆ ಎಳೆಯುವುದನ್ನು ಬಿಟ್ಟು, ಎಲ್ಲವನ್ನೂ ‘ಸೋಂಕು ತರುವ ಉಸಿರಾಟದ ಕಣ’ ಅನ್ನೋಣ ಎಂದಿತು. ಅಲ್ಲಿಂದ ನನಗೆ ‘ಉಸಿರುಕಣ’ ಹೊಳೆಯಿತು. ಹೇಗಿದೆ?

ಹಾಗೇ, ಬಿಸಿಲುಕೋಲಿನೊಳಗೆ ಕುಣಿಯುವ ದೂಳಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಸಂಸ್ಕೃತದ ‘ತ್ರಸರೇಣು’ ಗೊತ್ತು. ಕನ್ನಡದ್ದು ಸಿಕ್ಕರೆ ಉಸಿರುಕಣವನ್ನೂ ಬಿಟ್ಟು ಅದನ್ನೇ ಹಿಡಿದೇನು. ಸೋಮವಾರದೊಳಗೆ ತಿಳಿಸಿ, ಬರಹ ಕೊಡಬೇಕು.