‘ನೆರವು’, ‘ಸಾಲ’, ‘ಹೂಡಿಕೆ’: ತೋಟಕ್ಕೆ ಬಂದ ಹಣವನ್ನು ಏನೆಂದು ಕರೆಯಬೇಕು?

ಬಲ್ಲವರಲ್ಲಿ ಒಂದು ಕೇಳಿಕೆ. ರೈತರು ಓದುವ ಒಂದು ಮಾಸಪತ್ರಿಕೆಗಾಗಿ ಕಾಂಗೋ ದೇಶದ ಎಣ್ಣೆತಾಳೆ ತೋಟಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. (ಬರೀ ‘ತಾಳೆ’ ಎಂದರೆ ನಮ್ಮವರ ಕಣ್ಣ ಮುಂದೆ ಓಲೆಗರಿಯ ತಾಳೆಮರವೇ ನಿಲ್ಲುತ್ತದೆ. ಅದಕ್ಕೇ ‘ಎಣ್ಣೆತಾಳೆ’ ಎಂದಿದ್ದೇನೆ.) ಕರಡಿನಲ್ಲಿ ‘ಯೂರೋಪಿನ ಅಭಿವೃದ್ಧಿ ಹಣಕಾಸು ಸಂಸ್ಥೆಗಳು ತೋಟದ ಕಂಪನಿಗೆ ನೆರವು ನೀಡಿದವು’ ಎಂಬ ವಾಕ್ಯವಿತ್ತು. ಕಬ್ಬು ಬೆಳೆಯುವ ನನ್ನ ಸೋದರಮಾವನಿಗೆ ಅದನ್ನು ಓದಿ ಹೇಳಿದೆ. ‘ಸಬ್ಸಿಡಿಯೇ? ವಾಪಸು ಕಟ್ಟಬೇಕಿಲ್ಲವೇ?’ ಎಂದು ಕೇಳಿದರು. ಕಟ್ಟಬೇಕು, ಬಡ್ಡಿಯೂ ಉಂಟು ಎಂದೆ. ‘ಹಾಗಾದರೆ ಸಾಲ ಎಂದು ಬರಿ. ನೆರವು ಎಂದೇಕೆ ಬರೆದೆ?’ ಎಂದರು. ಅಂದಿನಿಂದ ಆ ವಾಕ್ಯ ಮುಂದಕ್ಕೆ ಹೋಗಿಲ್ಲ.

ತಪ್ಪು ನನ್ನೊಬ್ಬನದಲ್ಲ. ‘ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ’ ಎಂದು ನಾವೆಲ್ಲ ಓದಿಕೊಂಡೇ ಬಂದಿದ್ದೇವೆ. ಅದೂ ತೀರಿಸಬೇಕಾದ ಸಾಲವೇ ಆಗಿತ್ತು. ಆದರೆ ಕಾಂಗೋದ ಕಥೆಯಲ್ಲಿ ಪದ ತಪ್ಪಿದರೆ ಕಥೆಯೇ ತಪ್ಪುತ್ತದೆ. ಲೊಕುಟು, ಬೊಟೆಕಾ, ಯಾಲಿಗಿಂಬಾ ಎಂಬ ಮೂರು ಕಡೆಯ ಈ ತೋಟಗಳ ಮೂಲ, ಬೆಲ್ಜಿಯಂ ಆಳ್ವಿಕೆ 1911ರಲ್ಲಿ ಸಾಬೂನು ತಯಾರಕ ಲೀವರ್‌ಗೆ ಬಿಟ್ಟುಕೊಟ್ಟ ನೆಲ. 2009ರಲ್ಲಿ ಯೂನಿಲಿವರ್‌ನಿಂದ ಫೆರೋನಿಯಾ ಎಂಬ ಕಂಪನಿ ಅವನ್ನು ಕೊಂಡಿತು. 2013ರಲ್ಲಿ ಬ್ರಿಟನ್ ಸರ್ಕಾರದ ಒಡೆತನದ ಹಣಕಾಸು ಸಂಸ್ಥೆ ಸಿಡಿಸಿ ಆ ಕಂಪನಿಯ ಷೇರು ಕೊಂಡಿತು. 2015ರಲ್ಲಿ ಜರ್ಮನಿಯ ಡಿಇಜಿ, ನೆದರ್ಲೆಂಡ್ಸ್‌ನ ಎಫ್‌ಎಂಒ, ಬೆಲ್ಜಿಯಂನ ಬಿಯೋ ಮುಂತಾದವು ಒಟ್ಟಾಗಿ 4.9 ಕೋಟಿ ಡಾಲರ್ ಸಾಲ ಒದಗಿಸಿದವು. ಒಂದೇ ತೋಟಕ್ಕೆ ಎರಡು ಬಗೆಯ ಹಣ. ಷೇರು ಕೊಂಡವರು ಕಂಪನಿಯ ಪಾಲುದಾರರಾದರು, ಉಳಿದವರು ಸಾಲಗಾರರು. ಇಲ್ಲೂ ಒಂದು ತೊಡಕಿದೆ: ಕನ್ನಡದಲ್ಲಿ ‘ಸಾಲಗಾರ’ ಎಂದರೆ ಸಾಲ ಪಡೆದವನೂ ಹೌದು, ಕೊಟ್ಟವನೂ ಹೌದು. ನಾನು ‘ಸಾಲ ಕೊಟ್ಟವರು’ ಎಂದೇ ಬಿಡಿಸಿ ಬರೆಯುತ್ತಿದ್ದೇನೆ.

2018ರ ನವೆಂಬರ್‌ನಲ್ಲಿ ತೋಟಗಳ ಸುತ್ತಲಿನ ಒಂಬತ್ತು ಸಮುದಾಯಗಳು ತಮ್ಮ ಪೂರ್ವಜರ ನೆಲದ ವಿಷಯದಲ್ಲಿ ದೂರು ಕೊಟ್ಟವು. ದೂರು ಹೋದದ್ದು ಜರ್ಮನಿಯ ಡಿಇಜಿಗೆ. ‘ನೆರವು ಕೊಟ್ಟವರು’ ಎಂದು ಬರೆದುಬಿಟ್ಟರೆ, ಕೊಟ್ಟ ಕೈಯ ಮೇಲೇ ದೂರೇಕೆ ಎಂದು ಓದುಗ ಕೇಳುತ್ತಾನೆ. ಹಳ್ಳಿಯವರೇ ಕೃತಘ್ನರಂತೆ ಕಾಣುತ್ತಾರೆ. ‘ಸಾಲ ಕೊಟ್ಟವರು’ ಎಂದರೆ ಚಿತ್ರವೇ ಬೇರೆ. ಸಾಲದ ಜೊತೆ ಷರತ್ತುಗಳಿರುತ್ತವೆ, ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡುವ ಹೊಣೆ ಸಾಲ ಕೊಟ್ಟವರದು ಎಂಬುದು ಬ್ಯಾಂಕಿನ ಮೆಟ್ಟಿಲು ಹತ್ತಿದ ಯಾವ ರೈತನಿಗೂ ಗೊತ್ತು.

‘ಹೂಡಿಕೆ’ ಎಂಬ ಪದದ ಬಗ್ಗೆ ನನಗೆ ವಿಶೇಷ ಮಮತೆಯಿದೆ. ನೇಗಿಲು ಹೂಡುತ್ತೇವೆ, ಬಂಡಿ ಹೂಡುತ್ತೇವೆ, ಒಲೆ ಹೂಡುತ್ತೇವೆ, ಬಾಣ ಹೂಡುತ್ತೇವೆ, ದಾವೆ ಹೂಡುತ್ತೇವೆ. ಎಲ್ಲದರಲ್ಲೂ ಮುಂದಿನ ಕೆಲಸಕ್ಕೆ ಅಣಿಗೊಳಿಸುವ ಅರ್ಥವಿದೆ, ಅಣಿಗೊಳಿಸಿದವನು ಆ ಕೆಲಸದಲ್ಲಿ ಇರುತ್ತಾನೆ ಎಂಬ ಧ್ವನಿಯಿದೆ. ಎತ್ತು ಹೂಡಿದವನು ಮೇಣಿ ಹಿಡಿದು ಸಾಲಿನುದ್ದಕ್ಕೂ ಹಿಂದೆ ನಡೆಯಲೇಬೇಕು. ಆದ್ದರಿಂದ ಷೇರು ಕೊಂಡು ಲಾಭ ನಷ್ಟ ಎರಡಕ್ಕೂ ಹೆಗಲು ಕೊಡುವವರ ಹಣಕ್ಕೆ ಮಾತ್ರ ‘ಹೂಡಿಕೆ’ ಎನ್ನಬೇಕೆಂದು ನನ್ನ ಮನಸ್ಸು. ಪತ್ರಿಕೆಗಳು ಸಾಲವನ್ನೂ ಸೇರಿಸಿ ಹೂಡಿಕೆ ಎನ್ನುತ್ತವೆ. ಎರಡನ್ನೂ ಒಳಗೊಳ್ಳುವ ಮಾತು ಬೇಕಾದಲ್ಲಿ ‘ತೊಡಗಿಸಿದ ಹಣ’ ಎನ್ನಬಹುದೇ? ಹಣ ತೊಡಗಿಸುವುದು ಎಂಬ ಬಳಕೆ ಹಿಂದಿನಿಂದಲೂ ಇದೆ, ಈಗ ಮಂಕಾಗಿದೆ.

ಸಂಸ್ಥೆಯ ಹೆಸರೂ ಕಾಡುತ್ತಿದೆ. ‘ಅಭಿವೃದ್ಧಿ ನಿಗಮ’ ಎಂದರೆ ನಮ್ಮಲ್ಲಿ ಅರ್ಜಿ, ಜಾತಿ ಪ್ರಮಾಣಪತ್ರ, ಸಹಾಯಧನ ನೆನಪಾಗುತ್ತವೆ. ಆದರೆ ಸಿಡಿಸಿ ಹುಟ್ಟಿದ್ದು 1948ರಲ್ಲಿ, ವಸಾಹತು ಅಭಿವೃದ್ಧಿ ನಿಗಮವಾಗಿಯೇ. 1963ರಲ್ಲಿ ‘ವಸಾಹತು’ ಹೋಗಿ ‘ಕಾಮನ್‌ವೆಲ್ತ್’ ಬಂತು. 2022ರಲ್ಲಿ ಅದು ಬ್ರಿಟಿಷ್ ಇಂಟರ್‌ನ್ಯಾಷನಲ್ ಇನ್ವೆಸ್ಟ್‌ಮೆಂಟ್ ಆಯಿತು. ಅದರ ಹೆಸರಿನಲ್ಲಿ ಈಗ ‘ಹೂಡಿಕೆ’ ಇದೆ, ‘ಅಭಿವೃದ್ಧಿ’ ಇಲ್ಲ. ಇಂಥ ಸಂಸ್ಥೆಗಳಿಗೆಲ್ಲ ಸೇರಿಸಿ ‘ಅಭಿವೃದ್ಧಿ ಹಣಕಾಸು ಸಂಸ್ಥೆ’ ಎಂದು ಬರೆದು, ಮೊದಲ ಸಲ ಬಂದಾಗ ‘ಬೇರೆ ಬ್ಯಾಂಕುಗಳು ಹಿಂಜರಿಯುವ ದೇಶಗಳಲ್ಲಿ ಸಾಲ ಕೊಡಲು, ಷೇರು ಕೊಳ್ಳಲು ಸರ್ಕಾರಗಳು ಕಟ್ಟಿದ ಸಂಸ್ಥೆ’ ಎಂದು ವಿವರಿಸುವುದೇ ದಾರಿ ಎನಿಸುತ್ತದೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಇನ್ನೊಂದು ಪದ ‘ಗುತ್ತಿಗೆ ಕೃಷಿ’. ಇದು ಲೇಖನದಲ್ಲಿ ಬರುವ ಕೀನ್ಯಾದ ಚಹಾಕ್ಕೆ ಸಂಬಂಧಿಸಿದ್ದು. 1964ರಿಂದ ಅಲ್ಲಿ ಕೀನ್ಯಾ ಚಹಾ ಅಭಿವೃದ್ಧಿ ಸಂಸ್ಥೆಯ ಕೆಳಗೆ ಸಣ್ಣ ಹಿಡುವಳಿದಾರರು ಸ್ವಂತ ನೆಲದಲ್ಲಿ ಚಹಾ ಬೆಳೆದು, ಹಸಿ ಎಲೆಯನ್ನು ತಮ್ಮ ಪ್ರದೇಶದ ಕಾರ್ಖಾನೆಗೆ ಹಾಕುತ್ತಾ ಬಂದಿದ್ದಾರೆ. ವಿಶ್ವಬ್ಯಾಂಕ್ ಮತ್ತು ಅದೇ ಸಿಡಿಸಿ ಈ ವ್ಯವಸ್ಥೆಗೆ ಸಾಲ ಕೊಟ್ಟಿದ್ದವು. ‘ಗುತ್ತಿಗೆ’ ಎಂದರೆ ನೆಲವನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಂತೆ ಕೇಳಿಸುತ್ತದೆ. ಕರಾವಳಿಯವರಿಗೆ ಗೇಣಿ, ಉತ್ತರ ಕರ್ನಾಟಕದವರಿಗೆ ಲಾವಣಿ ನೆನಪಾಗುತ್ತದೆ. ಇಲ್ಲಿ ನೆಲ ರೈತನದೇ, ಬೆಳೆ ಮಾತ್ರ ಕಾರ್ಖಾನೆಗೆ. ನಮ್ಮಲ್ಲಿ ಮಿಡಿಸೌತೆ ಬೆಳೆದು ಕಂಪನಿಗೆ ಕೊಡುವವರದೂ ಇದೇ ರೀತಿ. ಸದ್ಯಕ್ಕೆ ‘ಒಪ್ಪಂದದ ಬೆಳೆಗಾರ’ ಎಂದಿಟ್ಟುಕೊಂಡಿದ್ದೇನೆ. ಮಾವ ‘ಕಾರ್ಖಾನೆ ರೈತ’ ಎನ್ನುತ್ತಾರೆ. ಬೆಳಗಾವಿ, ಮುಧೋಳದ ಕಡೆಯ ಕಬ್ಬಿನ ಸೀಮೆಯವರು ಏನೆನ್ನುತ್ತೀರಿ?

‘ಸುಸ್ಥಿರ’ದ ತಂಟೆಗೆ ಹೋಗುವುದಿಲ್ಲ, ಅದು ಬೇರೂರಿಬಿಟ್ಟಿದೆ. ಕೊನೆಯದಾಗಿ, ವರ್ಷಗಟ್ಟಲೆ ಮರಳಿ ಕೇಳದ ಹಣಕ್ಕೆ ಕೆಲವರು ‘ತಾಳ್ಮೆಯ ಬಂಡವಾಳ’ ಎಂದು ಬರೆಯುತ್ತಿದ್ದಾರೆ. ಎಣ್ಣೆತಾಳೆ ಫಲ ಬಿಡಲು ಮೂರು ವರ್ಷವಾದರೂ ಬೇಕು, ಅಡಿಕೆಗೆ ಐದಾರು ವರ್ಷ. ಸಸಿ ನೆಟ್ಟು ಕಾಯುವವರ ಬಾಯಲ್ಲಿ ಇಂಥ ಸಾಲಕ್ಕೆ ತಮ್ಮದೇ ಮಾತು ಇದ್ದಿರಲೇಬೇಕು. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ, ಸಹಕಾರ ಸಂಘಗಳ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಯಾರಾದರೂ ಅಂಥ ಪದ ಕಂಡಿದ್ದರೆ, ಅದು ಬಳಕೆಯಾದ ವಾಕ್ಯದ ಸಮೇತ ದಯವಿಟ್ಟು ಬರೆಯಿರಿ.